ಭಾವನೆಗೆ ಧಕ್ಕೆಯಾದರೆ ಸಾಕೇ, ಅಪರಾಧವಾಗುತ್ತದೆಯೇ?

ಪ್ರಶ್ನೆ: ಸರ್, ನಮ್ಮ ಧರ್ಮವನ್ನು ಹೀಯಾಳಿಸುವ ಚಿತ್ರವನ್ನು ಒಬ್ಬ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುತ್ತಾನೆ. ನಮ್ಮ ಭಾವನೆಗೆ ಧಕ್ಕೆಯಾಗಿದೆ ಎಂದ ಮೇಲೆ ಅವನು ಅಪರಾಧಿಯೇ ಅಲ್ಲವೇ? ಜನ ಸಿಟ್ಟಿಗೆದ್ದರೆ ಅವರದೇನು ತಪ್ಪು?

ಉತ್ತರ: ಗಣೇಶ ಚೌತಿ ಮತ್ತು ಈದ್ ಮಿಲಾದ್ ಹತ್ತಿರ ಬಂದಾಗಲೆಲ್ಲ ಇದೇ ಪ್ರಶ್ನೆ ಒಮ್ಮೆ ಹುಬ್ಬಳ್ಳಿಯಿಂದ, ಒಮ್ಮೆ ಗದಗಿನಿಂದ ಬರುತ್ತದೆ. ಕೇಳುವವರ ಧರ್ಮ ಬದಲಾಗುತ್ತದೆ, ಪ್ರಶ್ನೆಯ ಒಂದು ಅಕ್ಷರವೂ ಬದಲಾಗುವುದಿಲ್ಲ. ಧಾರವಾಡದಲ್ಲಿ ಇಷ್ಟು ವರ್ಷ ಕಾನೂನು ಪಾಠ ಹೇಳಿದ ನನಗೆ ಇದಕ್ಕೆ ಉತ್ತರಿಸಿ ಬೇಸರ ಬಂದಿದೆ ಎಂದರೆ ಓದುಗರು ಕ್ಷಮಿಸಬೇಕು. ಆದರೂ ಇನ್ನೊಮ್ಮೆ ಹೇಳುತ್ತೇನೆ.

ಭಾವನೆಗೆ ಧಕ್ಕೆಯಾದ ಮಾತ್ರಕ್ಕೆ ಅದು ಅಪರಾಧವಾಗುವುದಿಲ್ಲ. ಎಲ್ಲರ ಬಾಯಲ್ಲೂ ಇರುವ, ಹಳೆಯ ಭಾರತೀಯ ದಂಡ ಸಂಹಿತೆಯ 295ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 299ನೆಯ ಕಲಮಾಗಿದೆ. ಅದು ನೋಡುವುದು ಕೇಳಿದವನ ನೋವನ್ನಲ್ಲ, ಹೇಳಿದವನ ಉದ್ದೇಶವನ್ನು. ಒಂದು ವರ್ಗದ ಜನರ ಧಾರ್ಮಿಕ ಭಾವನೆಯನ್ನು ಕೆರಳಿಸಬೇಕೆಂಬ ಉದ್ದೇಶಪೂರ್ವಕವಾದ, ದುರುದ್ದೇಶದಿಂದಲೂ ಕೂಡಿದ ಅವಮಾನವಾದರೆ ಮಾತ್ರ ಮೂರು ವರ್ಷದವರೆಗಿನ ಶಿಕ್ಷೆಯ ಮಾತು ಬರುತ್ತದೆ. ಅರಿಯದೆ ಆಡಿದ ಮಾತು, ಅಜಾಗರೂಕತೆಯಿಂದ ಆದ ಅವಮಾನ ಈ ಕಲಮಿನ ವ್ಯಾಪ್ತಿಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1957ರಲ್ಲಿಯೇ, ಈ ಕಲಮನ್ನು ಎತ್ತಿಹಿಡಿದ ತೀರ್ಪಿನಲ್ಲಿಯೇ, ಸ್ಪಷ್ಟಪಡಿಸಿದೆ. ಮಹೇಂದ್ರ ಸಿಂಗ್ ಧೋನಿಯನ್ನು ವಿಷ್ಣುವಿನಂತೆ ಚಿತ್ರಿಸಿದ ಪತ್ರಿಕೆಯ ಮುಖಪುಟದ ಪ್ರಕರಣವನ್ನು 2017ರಲ್ಲಿ ಅದೇ ನ್ಯಾಯಾಲಯ ರದ್ದುಪಡಿಸಿದ್ದೂ ಇದೇ ಕಾರಣಕ್ಕೆ.

‘ದುರುದ್ದೇಶ’ ಎಂಬ ಪದ ಆ ಕಲಮಿನೊಳಗೆ ಸುಮ್ಮನೆ ಬಂದು ಕುಳಿತದ್ದಲ್ಲ. ಪ್ರವಾದಿಯವರ ಕುರಿತ ಅವಹೇಳನಕಾರಿ ಪುಸ್ತಿಕೆಯೊಂದನ್ನು ಪ್ರಕಟಿಸಿದ ರಾಜಪಾಲ್ ಎಂಬವರನ್ನು, ಆಗಿದ್ದ ಕಾನೂನಿನಲ್ಲಿ ಇದಕ್ಕೆ ಅವಕಾಶವಿಲ್ಲವೆಂದು ಲಾಹೋರ್ ಹೈಕೋರ್ಟು 1927ರಲ್ಲಿ ಬಿಡುಗಡೆ ಮಾಡಿತು. ದೊಡ್ಡ ಗದ್ದಲವೆದ್ದು ಅದೇ ವರ್ಷ ಈ ಕಲಮು ಬಂತು. ಮಸೂದೆಯ ಚರ್ಚೆಯಲ್ಲಿ ಪ್ರಾಮಾಣಿಕ ವಿಮರ್ಶೆಗೆ ರಕ್ಷಣೆ ಇರಲೇಬೇಕೆಂದು ವಾದಿಸಿದವರಲ್ಲಿ ಮಹಮ್ಮದ್ ಅಲಿ ಜಿನ್ನಾ ಒಬ್ಬರು ಎಂದರೆ ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷವೂ ನಂಬದೆ ನನ್ನ ಮುಖ ನೋಡುತ್ತಿದ್ದರು. ಇನ್ನು ಕಾನೂನು ಬಂದರೆ ಕೊಲೆ ನಿಲ್ಲುತ್ತದೆ ಎಂದುಕೊಂಡವರಿಗೆ ಒಂದು ಮಾತು: 1929ರ ಏಪ್ರಿಲ್‌ನಲ್ಲಿ, ಕಲಮು ಜಾರಿಯಲ್ಲಿರುವಾಗಲೇ, ರಾಜಪಾಲ್ ಅವರನ್ನು ಇರಿದು ಕೊಂದರು.

ನೋವು ನಿಜವಿದ್ದೂ ಅವಮಾನವೇ ನಡೆದಿರದ ಸಂದರ್ಭವೂ ಉಂಟು. 1986ರ ಡಿಸೆಂಬರಿನಲ್ಲಿ ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಯೊಂದು ಮಲಯಾಳಂ ಕತೆಯೊಂದರ ಅನುವಾದವನ್ನು ಪ್ರಕಟಿಸಿತು. ಕತೆ ಮುಹಮ್ಮದ್ ಎಂಬ ಹೆಸರಿನ ಒಬ್ಬ ನತದೃಷ್ಟ ಹುಡುಗನದು, ಪ್ರವಾದಿಯವರದಲ್ಲ. ನಮ್ಮ ಓಣಿಗಳಲ್ಲಿ ಬಸವ, ಮಲ್ಲಪ್ಪ ಎಂದು ದೇವರ ಹೆಸರನ್ನೂ ಶರಣರ ಹೆಸರನ್ನೂ ಮನುಷ್ಯರಿಗೆ ಇಡುವಂತೆಯೇ ಅದೂ ಒಂದು ದಿನಬಳಕೆಯ ಹೆಸರು. ಶೀರ್ಷಿಕೆಯಲ್ಲಿ ಆ ಹೆಸರಿನ ಪಕ್ಕ ಮೂರ್ಖ ಎಂಬರ್ಥದ ಪದವಿತ್ತು. ಕತೆ ಓದಿದವರಿಗಿಂತ ಶೀರ್ಷಿಕೆಯ ಸುದ್ದಿ ಕೇಳಿದವರೇ ಹೆಚ್ಚಾಗಿ, ಬೆಂಗಳೂರು ಮತ್ತು ಮೈಸೂರುಗಳಲ್ಲಿ ಗಲಭೆಯಾಗಿ, ಹತ್ತಕ್ಕೂ ಹೆಚ್ಚು ಜನ ಸತ್ತರು. ನೋವೊಂದೇ ಅಪರಾಧಕ್ಕೆ ಅಳತೆಗೋಲಾದರೆ ಆ ಕತೆಗಾರನೂ ಅನುವಾದಕನೂ ಜೈಲಿಗೆ ಹೋಗಬೇಕಾಗುತ್ತಿತ್ತು.

ಪ್ರಶ್ನೆಯ ಎರಡನೆಯ ಭಾಗಕ್ಕೆ ಚಿಕ್ಕ ಉತ್ತರ ಸಾಕು. ಸ್ಟೇಟಸ್ ಹಾಕಿದವನು ಅಪರಾಧಿಯೇ ಆಗಿದ್ದರೂ ಕಲ್ಲು ಎಸೆದವನ ಲೆಕ್ಕ ಬೇರೆಯೇ. 2022ರ ಏಪ್ರಿಲ್ 16ರ ರಾತ್ರಿ ಹಳೇ ಹುಬ್ಬಳ್ಳಿ ಪೊಲೀಸ್ ಠಾಣೆಯ ಮುಂದೆ ಕಲ್ಲು ತೂರಾಟ ನಡೆಯುವ ಹೊತ್ತಿಗೆ, ಇಂಥದೇ ಒಂದು ಸ್ಟೇಟಸ್ ಹಾಕಿ ಸಿಟ್ಟಿಗೆ ಕಾರಣನಾದ ಯುವಕನನ್ನು ಪೊಲೀಸರು ಬಂಧಿಸಿಯಾಗಿತ್ತು. ಧಾರವಾಡದ ಕಲ್ಯಾಣ ನಗರದಲ್ಲಿ 2015ರ ಆಗಸ್ಟ್ 30ರ ಬೆಳಿಗ್ಗೆ ಡಾ. ಎಂ. ಎಂ. ಕಲಬುರ್ಗಿಯವರನ್ನು ಮನೆ ಬಾಗಿಲಲ್ಲೇ ಗುಂಡಿಕ್ಕಿ ಕೊಂದುದಕ್ಕೆ 2014ರಲ್ಲಿ ಅವರು ಬೆಂಗಳೂರಿನಲ್ಲಿ ಮೂಢನಂಬಿಕೆಯ ಕುರಿತು ಮಾಡಿದ ಒಂದು ಭಾಷಣವೇ ಕಾರಣವೆಂದು ವಿಶೇಷ ತನಿಖಾ ತಂಡ ಆರೋಪಪಟ್ಟಿಯಲ್ಲಿ ಹೇಳಿದೆ. ಭಾಷಣ ಒಪ್ಪದವರಿಗೆ ದೂರು ಕೊಡುವ ಹಕ್ಕಿತ್ತು, ಲೇಖನ ಬರೆಯುವ ಹಕ್ಕಿತ್ತು. ಮಾತು ಕೇಳಿ ಗುಂಪು ಹಿಂಸೆಗಿಳಿದೀತೆಂಬ ಭಯದಿಂದ ಸರ್ಕಾರ ಮಾತನ್ನೇ ಅಡಗಿಸಬಾರದು, ಗುಂಪನ್ನು ತಡೆಯುವುದೇ ಅದರ ಕರ್ತವ್ಯ ಎಂದು 1989ರ ರಂಗರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಹಳೇ ಹುಬ್ಬಳ್ಳಿಯ ಮಾತು ಬಂದದ್ದರಿಂದ, ಯಾರೂ ಕೇಳದಿದ್ದರೂ ಇನ್ನೊಂದನ್ನು ಹೇಳಿಬಿಡುತ್ತೇನೆ. ಆ ಗಲಭೆಯೂ ಸೇರಿ 43 ಪ್ರಕರಣಗಳನ್ನು ಹಿಂಪಡೆಯಲು ರಾಜ್ಯ ಸರ್ಕಾರ 2024ರ ಅಕ್ಟೋಬರಿನಲ್ಲಿ ಆದೇಶಿಸಿತು, 2025ರ ಮೇ ತಿಂಗಳಲ್ಲಿ ಹೈಕೋರ್ಟು ಆ ಆದೇಶವನ್ನು ರದ್ದುಪಡಿಸಿತು. ಸರ್ಕಾರ ಒಂದು ಸಹಿಯಿಂದ ಪ್ರಕರಣ ಮುಗಿಸಬಹುದೆಂದು ಪರವಾಗಿದ್ದವರೂ ವಿರೋಧಿಸಿದವರೂ ನಂಬಿದ್ದರು. ಹಾಗಿಲ್ಲ. ಸರ್ಕಾರಿ ವಕೀಲರು ಸ್ವತಃ ವಿವೇಚಿಸಿ ಅರ್ಜಿ ಹಾಕಬೇಕು, ನ್ಯಾಯಾಲಯ ಒಪ್ಪಬೇಕು. ಅಪರಾಧ ಪ್ರಕರಣ ನಡೆಸುವ ವಿಧಾನವನ್ನು ಹೇಳುವ ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 360ನೆಯ ಕಲಮು, ಒಪ್ಪಿಗೆ ಕೊಡುವ ಮೊದಲು ನೊಂದವರ ಮಾತನ್ನು ಕೇಳಲೇಬೇಕು ಎನ್ನುತ್ತದೆ. ಕಲ್ಲೇಟು ತಿಂದ ಪೊಲೀಸ್ ಪೇದೆಯೂ ಆ ನೊಂದವರಲ್ಲಿ ಒಬ್ಬ.