ಸತ್ತ ಮೇಲೂ ಇರಬೇಕು ಎಂಬ ಆಸೆ ಯಾರಿಗಾಗಿ?

ಓದುಗರ ಪ್ರಶ್ನೆ: ಸತ್ತ ಮೇಲೆ ಏನಾದರೂ ಇದೆಯೇ ಎಂದು ಎಲ್ಲರೂ ಕೇಳುತ್ತಾರೆ. ನನ್ನ ಸಂದೇಹ ಅದಕ್ಕಿಂತ ಮುಂಚಿನದು. ಇದೆ ಎಂದೇ ಇಟ್ಟುಕೊಳ್ಳೋಣ. ಅದು ನಮಗೆ ನಿಜಕ್ಕೂ ಬೇಕೇ? ಕೊನೆಯೇ ಇಲ್ಲದ ಇರವನ್ನು ನೆನೆದರೆ ನನಗೆ ಆಸೆ ಹುಟ್ಟುವುದಿಲ್ಲ, ಎದೆ ಝಲ್ಲೆನ್ನುತ್ತದೆ. ಹೀಗೆ ಅನ್ನಿಸುವುದು ನನಗೊಬ್ಬಳಿಗೇನಾ?

ಉತ್ತರ: ಖಂಡಿತ ಅಲ್ಲ. ನಿಮ್ಮ ಹಾಗೆ ಅಂದುಕೊಂಡವರು ಬಹಳ ಹಿಂದಿನಿಂದಲೂ ಇದ್ದಾರೆ.

ಕಠೋಪನಿಷತ್ತಿನ ನಚಿಕೇತನನ್ನೇ ನೋಡಿ. ಯಮನ ಮನೆಯಲ್ಲಿ ಮೂರು ರಾತ್ರಿ ಉಪವಾಸವಿದ್ದ ಹುಡುಗನಿಗೆ ಮೂರು ವರ ಸಿಗುತ್ತವೆ. ಮೂರನೆಯದಾಗಿ ಅವನು ಕೇಳುವುದು ಎಲ್ಲರ ಪ್ರಶ್ನೆಯನ್ನೇ: ಸತ್ತವನು ಇದ್ದಾನೆ ಎನ್ನುತ್ತಾರೆ ಕೆಲವರು, ಇಲ್ಲ ಎನ್ನುತ್ತಾರೆ ಇನ್ನು ಕೆಲವರು, ನಿಜ ಯಾವುದು? ಯಮ ಮಾತು ತಪ್ಪಿಸಲು ನೋಡುತ್ತಾನೆ. ನೂರು ವರ್ಷ ಬಾಳುವ ಮಕ್ಕಳು ಮೊಮ್ಮಕ್ಕಳನ್ನು ಕೇಳು, ಆನೆ ಕುದುರೆ ಚಿನ್ನ ಕೇಳು, ನಿನಗೆ ಎಷ್ಟು ವರ್ಷ ಬೇಕೋ ಅಷ್ಟು ಬದುಕು ಎನ್ನುತ್ತಾನೆ. ಎಷ್ಟಿದ್ದರೂ ಆಯುಸ್ಸು ಅಲ್ಪವೇ, ನಿನ್ನ ಕುದುರೆಗಳೂ ಹಾಡು ಕುಣಿತವೂ ನಿನಗೇ ಇರಲಿ ಎಂದುಬಿಡುತ್ತಾನೆ ಹುಡುಗ. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಅವನು ಸಾವಿನ ಆಚೆ ಏನಿದೆಯೆಂದು ತಿಳಿಯಲು ಹಟ ಹಿಡಿದವನು, ಆದರೆ ಆಯುಸ್ಸನ್ನು ಉದ್ದ ಮಾಡಿಕೊಡುತ್ತೇನೆಂದರೆ ಬೇಡ ಎನ್ನುವವನು. ಉದ್ದ ಬೇರೆ, ಅವನು ಅರಸುತ್ತಿದ್ದುದು ಬೇರೆ.

ಗ್ರೀಕ್ ಕವಿ ಹೋಮರನ ಕಾವ್ಯದ ನಾಯಕ ಒಡಿಸ್ಯೂಸ್ ಕೂಡ ಅಮರತ್ವವನ್ನು ನಿರಾಕರಿಸಿದವನೇ. ಕ್ಯಾಲಿಪ್ಸೋ ಎಂಬ ದೇವತೆ ಅವನನ್ನು ಏಳು ವರ್ಷ ತನ್ನ ದ್ವೀಪದಲ್ಲಿ ಇಟ್ಟುಕೊಂಡು, ಸಾವೂ ಮುಪ್ಪೂ ಇಲ್ಲದಂತೆ ಮಾಡುತ್ತೇನೆ, ಇಲ್ಲೇ ಇರು ಎನ್ನುತ್ತಾಳೆ. ನನ್ನ ಹೆಂಡತಿ ರೂಪದಲ್ಲಿ ನಿನಗೆ ಸಾಟಿಯಲ್ಲ, ಅವಳು ಸಾಯುವವಳು, ಆದರೂ ನನಗೆ ಮನೆಗೆ ಹೋಗಬೇಕು ಎನ್ನುತ್ತಾನೆ ಅವನು. ಅದೇ ಮನುಷ್ಯ ಸತ್ತವರ ಲೋಕಕ್ಕೆ ಹೋದಾಗ ತಾಯಿಯನ್ನು ಕಾಣುತ್ತಾನೆ. ತಾನು ಊರಲ್ಲಿಲ್ಲದಾಗ ತೀರಿಕೊಂಡ ತಾಯಿ. ತಬ್ಬಿಕೊಳ್ಳಲು ಮೂರು ಸಲ ಕೈ ಚಾಚುತ್ತಾನೆ. ಮೂರು ಸಲವೂ ಅವಳು ನೆರಳಿನಂತೆ, ಕನಸಿನಂತೆ ತೋಳಿನಿಂದ ಜಾರಿಹೋಗುತ್ತಾಳೆ. ತನಗೆ ಕೊಟ್ಟ ಅಮರತ್ವವನ್ನು ಬೇಡವೆಂದವನು ತಾಯಿಯ ನೆರಳಿಗಾಗಿ ಮೂರು ಸಲ ತೋಳು ಚಾಚುತ್ತಾನಲ್ಲ, ನಿಮ್ಮ ಪ್ರಶ್ನೆಯ ಉತ್ತರ ಅಲ್ಲೇ ಎಲ್ಲೋ ಇದೆ ಎಂದು ನನ್ನ ನಂಬಿಕೆ.

ಮೊದಲು ನಿಮ್ಮ ಭಯದ ಮಾತು. ಈ ಭಯವನ್ನು ಬಹಳ ಗಟ್ಟಿಯಾಗಿ ವಾದಿಸಿದವನು ಬರ್ನಾರ್ಡ್ ವಿಲಿಯಮ್ಸ್ ಎಂಬ ಇಂಗ್ಲಿಷ್ ತತ್ವಜ್ಞಾನಿ. 1973ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವನು ಚೆಕ್ ಲೇಖಕ ಕಾರೆಲ್ ಚಾಪೆಕ್‌ನ 1922ರ ನಾಟಕವೊಂದನ್ನು ಎತ್ತಿಕೊಳ್ಳುತ್ತಾನೆ. ವಿಲಿಯಮ್ಸ್ ಹೇಳುವಂತೆ ಅದರ ನಾಯಕಿ ಎಲಿನಾಗೆ 342 ವರ್ಷ. ಮದ್ದಿನ ಬಲದಿಂದ ಮುನ್ನೂರು ವರ್ಷಗಳಿಂದ 42ರಲ್ಲೇ ನಿಂತಿದ್ದಾಳೆ. ಹಾಡಿದರೂ ಒಂದೇ, ಸುಮ್ಮನಿದ್ದರೂ ಒಂದೇ ಎಂಬಷ್ಟು ಅವಳೊಳಗೆ ಎಲ್ಲವೂ ತಣ್ಣಗಾಗಿದೆ. ಕೊನೆಗೆ ಮದ್ದು ಬೇಡವೆನ್ನುತ್ತಾಳೆ. ವಿಲಿಯಮ್ಸ್ ಹೇಳುವುದು ಇಷ್ಟು: ನನ್ನ ಸ್ವಭಾವ ಹೀಗೇ ಉಳಿದರೆ, ಈ ಸ್ವಭಾವದವನಿಗೆ ಆಗಬಹುದಾದದ್ದೆಲ್ಲ ಒಂದು ದಿನ ಆಗಿ ಮುಗಿಯುತ್ತದೆ. ಸ್ವಭಾವವೇ ಬದಲಾಗುತ್ತ ಹೋದರೆ, ಮುಂದೆ ಬದುಕುವವನು ನಾನು ಎನ್ನಲು ಏನುಳಿಯಿತು?

ಇದರ ಮೊದಲರ್ಧ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. 1994ರಲ್ಲಿ ಅಮೆರಿಕದ ತತ್ವಜ್ಞಾನಿ ಜಾನ್ ಮಾರ್ಟಿನ್ ಫಿಷರ್ ಕೊಟ್ಟ ಉತ್ತರ ಸರಿಯೆನಿಸುತ್ತದೆ. ಕೆಲವು ಸುಖಗಳು ಒಮ್ಮೆ ಸಿಕ್ಕರೆ ತೀರುತ್ತವೆ, ಒಂದು ಬೆಟ್ಟ ಹತ್ತಿ ಗೆದ್ದೆ ಎಂದ ಹಾಗೆ. ಇನ್ನು ಕೆಲವು ಮರಳಿ ಮರಳಿ ಬಂದರೂ ಸವೆಯುವುದಿಲ್ಲ. ಸಂಗೀತ, ಪ್ರೀತಿಸುವವರ ಮಾತು, ಧ್ಯಾನ ಈ ಬಗೆಯವು. ಬೇಸರವೊಂದೇ ತೊಡಕಾಗಿದ್ದರೆ ಅದಕ್ಕೆ ದಾರಿ ಕಾಣುತ್ತಿತ್ತು.

ಆದರೆ ಎರಡನೆಯ ಅರ್ಧ ಬಿಡದೆ ಕಾಡುತ್ತದೆ: ಮುಂದೆ ಇರುವವರು ಯಾರು? ಮರುಜನ್ಮವನ್ನು ನಂಬುವವರು ಇದಕ್ಕೆ ಹೊಸದಾಗಿ ಉತ್ತರ ಹುಡುಕಬೇಕಾಗುತ್ತದೆ. ಜರ್ಮನ್ ತತ್ವಜ್ಞಾನಿ ಲೈಬ್ನಿಟ್ಸ್ 1686ರಲ್ಲೇ ಕೇಳಿದ್ದ: ಹಿಂದಿನದೆಲ್ಲ ಮರೆತುಹೋಗಬೇಕೆಂಬ ಷರತ್ತಿನ ಮೇಲೆ ನಿನ್ನನ್ನು ಈ ಕ್ಷಣವೇ ಚೀನಾದ ದೊರೆ ಮಾಡುತ್ತೇವೆಂದರೆ ಅದರಿಂದ ನಿನಗೇನು ಲಾಭ? ನೀನು ಇಲ್ಲವಾಗಿ, ಅದೇ ಗಳಿಗೆಯಲ್ಲಿ ಚೀನಾದಲ್ಲಿ ಒಬ್ಬ ದೊರೆ ಹುಟ್ಟಿದ ಹಾಗಾಯಿತಷ್ಟೆ. ನನ್ನ ನೆನಪಿನ ಒಂದು ಹನಿಯೂ ಇಲ್ಲದ ಮಗು ನಾಳೆ ಎಲ್ಲೋ ಹುಟ್ಟಿ ನನ್ನ ಕರ್ಮ ಹೊರುತ್ತದೆ ಎಂದರೆ ಆ ಮಗುವಿನ ಬಗ್ಗೆ ನನಗೆ ಮರುಕ ಬರುತ್ತದೆ. ನಾನು ಉಳಿದೆ ಎಂಬ ಸಮಾಧಾನವಂತೂ ಬರುವುದಿಲ್ಲ.

ಎಲ್ಲದರಲ್ಲಿ ಒಂದಾಗಿ ಬೆರೆಯುವ ಮಾತೂ ಇದೆ, ಅದರ ಮುಂದೆ ಬೃಹದಾರಣ್ಯಕ ಉಪನಿಷತ್ತಿನ ಮೈತ್ರೇಯಿಯಂಥವಳೇ ಕಂಗೆಟ್ಟಿದ್ದಾಳೆ. ಮನೆ ಬಿಟ್ಟು ಹೊರಟ ಯಾಜ್ಞವಲ್ಕ್ಯ ಇಬ್ಬರು ಹೆಂಡಿರಿಗೂ ಆಸ್ತಿ ಹಂಚಲು ಬಂದಾಗ, ಇಡೀ ಭೂಮಿ ಕೊಟ್ಟರೂ ಅದರಿಂದ ನಾನು ಅಮೃತಳಾಗುವುದಿಲ್ಲವಾದರೆ ಅದನ್ನು ಇಟ್ಟುಕೊಂಡು ಏನು ಮಾಡಲಿ ಎಂದು ಕೇಳಿದವಳು ಅವಳು. ಆತ ವಿವರಿಸುತ್ತ ಬಂದು, ದೇಹ ಬಿಟ್ಟ ಮೇಲೆ ಸಂಜ್ಞೆ ಇರುವುದಿಲ್ಲ, ಅಂದರೆ ಬಿಡಿಬಿಡಿಯಾದ ಅರಿವು ಇರುವುದಿಲ್ಲ ಎನ್ನುತ್ತಾನೆ. ಇದೇ ಮಾತಿನಿಂದ ನನ್ನನ್ನು ಗೊಂದಲಕ್ಕೆ ನೂಕಿದಿರಿ ಎನ್ನುತ್ತಾಳೆ ಮೈತ್ರೇಯಿ. ಎರಡಿದ್ದಲ್ಲಿ ತಾನೇ ಒಬ್ಬರು ಇನ್ನೊಬ್ಬರನ್ನು ಕಾಣುವುದು, ಎಲ್ಲವೂ ತಾನೇ ಆದಮೇಲೆ ಯಾರು ಯಾರನ್ನು ಕಂಡಾರು ಎಂಬುದು ಅವನ ಉತ್ತರ. ತತ್ವವಾಗಿ ಇದಕ್ಕಿಂತ ಎತ್ತರದ ಮಾತು ನನಗೆ ಗೊತ್ತಿಲ್ಲ. ಆದರೆ ಮಣ್ಣು ಮಾಡಿ ಮನೆಗೆ ಮರಳಿದವರ ಮುಂದೆ ಇದನ್ನು ಹೇಳಲು ನನಗೆ ಬಾಯಿ ಬಾರದು. ಆ ಹೊತ್ತಿನಲ್ಲಿ ಅವರಿಗೆ ಬೇಕಾಗಿರುವುದು ಅದೇ, ಒಬ್ಬರು ಇನ್ನೊಬ್ಬರನ್ನು ಕಾಣುವುದು.

ನನ್ನ ಅಜ್ಜಿ ತೀರಿಕೊಂಡಾಗ ಅವರಿಗೆ 91. ಕೊನೆಯ ಎರಡು ವರ್ಷ ದಿನಕ್ಕೊಮ್ಮೆಯಾದರೂ "ಸಾಕಪ್ಪ" ಎನ್ನುತ್ತಿದ್ದರು. ನೋವಿನಿಂದಲ್ಲ, ಕೆಲಸ ಮುಗಿಸಿದವರು ಹೇಳುವ ಹಾಗೆ. ಸ್ವರ್ಗದ ಮಾತೆತ್ತಿದರೆ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅಜ್ಜ ಹೋದಾಗ ಅಜ್ಜಿಗೆ 34 ಆಗಿತ್ತು. ಒಂದು ಸಂಜೆ ಇದ್ದಕ್ಕಿದ್ದ ಹಾಗೆ ಕೇಳಿದರು: "ಅಲ್ಲಿ ಅವರು ಸಿಕ್ರೂ ನನ್ನ ಗುರುತು ಹಿಡೀತಾರೇನೋ? ನಾನೀಗ ಅವರ ಅಮ್ಮನಿಗಿಂತ ಮುದುಕಿ." ನನಗೆ ಉತ್ತರ ಹೊಳೆಯಲಿಲ್ಲ, ಅವರ ಕೈ ಹಿಡಿದುಕೊಂಡು ಕೂತೆ.

ಈ ಪ್ರಶ್ನೆಯನ್ನು ದೊಡ್ಡ ದೊಡ್ಡವರು ಎದುರಿಸಿದ್ದಾರೆಂದು ನನಗೆ ತಿಳಿದದ್ದು ಆಮೇಲೆ. ಏಳು ಮಂದಿ ಅಣ್ಣತಮ್ಮಂದಿರನ್ನು ಒಬ್ಬರಾದ ಮೇಲೊಬ್ಬರಂತೆ ಮದುವೆಯಾದವಳು, ಸತ್ತವರೆಲ್ಲ ಮತ್ತೆ ಎದ್ದು ಬರುವ ಪುನರುತ್ಥಾನದಲ್ಲಿ ಯಾರ ಹೆಂಡತಿ ಎಂದು ಯೇಸುವನ್ನು ಕೇಳಿದವರಿದ್ದಾರೆ. ಅಲ್ಲಿ ಮದುವೆಯೇ ಇಲ್ಲ ಎಂಬ ಉತ್ತರ ಬಂತು. ಸಂತ ಅಗಸ್ಟೀನ್ ಐದನೆಯ ಶತಮಾನದಲ್ಲಿ ವಯಸ್ಸಿನ ಲೆಕ್ಕವನ್ನೇ ಹಾಕಿದ. ಎಲ್ಲರೂ ಸುಮಾರು ಮೂವತ್ತರ ತುಂಬು ಪ್ರಾಯದಲ್ಲಿ ಏಳುತ್ತಾರೆ, ಎಳೆಗೂಸಾಗಿ ಸತ್ತವರು ಕೂಡ ಬೆಳೆದಿದ್ದರೆ ಹೇಗಿರುತ್ತಿದ್ದರೋ ಹಾಗೆ ಏಳುತ್ತಾರೆ ಎಂದ. ಅಜ್ಜಿಗೆ ಇದು ಸಮಾಧಾನ ಕೊಡುತ್ತಿತ್ತೋ ಏನೋ. ಮೂವತ್ತರ ಅಜ್ಜನಿಗೆ ಮೂವತ್ತರ ಅಜ್ಜಿ. ಆದರೆ ಒಬ್ಬಂಟಿಯಾಗಿ ಮಕ್ಕಳನ್ನು ದಡ ಮುಟ್ಟಿಸಿದ ಆಮೇಲಿನ 57 ವರ್ಷಗಳ ಅಜ್ಜಿ ಎಲ್ಲಿ ಹೋಗಬೇಕು? ನನ್ನನ್ನು ಎತ್ತಿ ಆಡಿಸಿದವಳು ಅವಳು. ನಾನು ಹುಡುಕಿಕೊಂಡು ಹೋದರೆ ನನಗೆ ಬೇಕಾಗುವವಳೂ ಅವಳೇ.

ತನ್ನ ಪಾಲಿಗೆ "ಸಾಕು" ಎನ್ನುವವರೂ ಇನ್ನೊಬ್ಬರ ವಿಷಯದಲ್ಲಿ ಹಾಗೆನ್ನುವುದಿಲ್ಲ ಎಂಬುದು ನಾನು ಕಂಡುಕೊಂಡ ಸತ್ಯ. 2013ರಲ್ಲಿ ಪ್ರಕಟವಾದ ಉಪನ್ಯಾಸಗಳಲ್ಲಿ ಅಮೆರಿಕದ ತತ್ವಜ್ಞಾನಿ ಸ್ಯಾಮ್ಯುಯೆಲ್ ಶೆಫ್ಲರ್ ಒಂದು ಊಹೆ ಮುಂದಿಡುತ್ತಾನೆ. ನೀವು ತುಂಬು ಆಯುಸ್ಸು ಬಾಳುತ್ತೀರಿ, ಆದರೆ ನೀವು ಸತ್ತ 30 ದಿನಕ್ಕೆ ಭೂಮಿಗೆ ದೊಡ್ಡ ಬಂಡೆಯೊಂದು ಬಡಿದು ಎಲ್ಲವೂ ನಾಶವಾಗುತ್ತದೆ. ನಿಮಗೆ ಒಂದು ದಿನವೂ ನಷ್ಟವಿಲ್ಲ. ಆದರೂ ಇದು ಗೊತ್ತಾದ ಗಳಿಗೆಯಿಂದ ಕೈಲಿರುವ ಕೆಲಸ ಎಷ್ಟು ಪೊಳ್ಳೆನಿಸುತ್ತದೆ, ನೋಡಿ. ನಾವಿಲ್ಲದ ಕಾಲದ ಮೇಲೆ ನಮ್ಮ ಮನಸ್ಸು ಅಷ್ಟೊಂದು ಆತುಕೊಂಡಿದೆ.

ರೋಮನ್ ಕವಿ ಲುಕ್ರೀಷಿಯಸ್, ಉಂಡು ತಣಿದ ಅತಿಥಿಯಂತೆ ಯಾಕೆ ಎದ್ದು ಹೋಗಬಾರದು ಎಂದು ಸಾವಿಗೆ ಅಂಜುವವರನ್ನು ಕೇಳುತ್ತಾನೆ. ಹುಟ್ಟುವ ಮುಂಚಿನ ಅನಂತ ಕಾಲ ನಮ್ಮನ್ನು ನೋಯಿಸಲಿಲ್ಲವಲ್ಲ, ಮುಂದಿನದೂ ಹಾಗೆಯೇ ಎಂಬುದೂ ಅವನದೇ ವಾದ. ನನ್ನ ಅಜ್ಜಿಯ ಮಟ್ಟಿಗೆ ಈ ಮಾತು ಚೆನ್ನಾಗಿ ಸಲ್ಲುತ್ತದೆ. ಆದರೆ ಪಂಕ್ತಿಯಲ್ಲಿ ಕೂರುವ ಮೊದಲೇ ಎಬ್ಬಿಸಿ ಕಳಿಸಿದ ಮಗುವಿಗೆ ಇದನ್ನು ಹೇಗೆ ಹೇಳುವುದು? ನನ್ನ ಗೆಳತಿಯೊಬ್ಬಳ ಮಗ ನಾಲ್ಕನೆಯ ವರ್ಷದಲ್ಲಿ ಹೋದ. ಅವಳು ಅದಕ್ಕೆ ಮುಂಚೆಯೂ ಪರಲೋಕ ನಂಬುತ್ತಿರಲಿಲ್ಲ, ಈಗಲೂ ನಂಬುವುದಿಲ್ಲ. "ನಂಬಿಕೆ ಬರಲಿಲ್ಲ ಕಣೇ, ಬೇಕು ಅನ್ನೋದು ಮಾತ್ರ ಬಂತು" ಎಂದಳು ಒಮ್ಮೆ. "ನನಗಲ್ಲ. ಅವನಿಗೆ." ಅಗಸ್ಟೀನನ ಲೆಕ್ಕವನ್ನು ಅವಳಿಗೆ ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, ಮೂವತ್ತರ ಗಂಡಸಾಗಿ ಸಿಕ್ಕರೆ ಅವನನ್ನು ಹೇಗೆ ಎತ್ತಿಕೊಳ್ಳಲಿ ಎಂದಳು. ಮತ್ತೆ ತಾನೇ, ಆಗಲಿ, ಅವನು ಬೆಳೆದರೆ ಸಾಕು, ನನಗೆ ಸಿಗದಿದ್ದರೂ ಪರವಾಗಿಲ್ಲ ಎಂದಳು.

ಹಾಗಾಗಿ ನಿಮ್ಮ ಭಯವನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ಪಾಲಿನ ಅನಂತ ನನಗೂ ಬೇಡ. ಆದರೆ ಬೇಕೇ ಎಂಬ ಪ್ರಶ್ನೆಯನ್ನು ನೀವು ನಿಮ್ಮ ಬಗ್ಗೆ ಮಾತ್ರ ಕೇಳಿಕೊಂಡಿದ್ದೀರಿ. ನೀವು ಕಳೆದುಕೊಂಡವರಲ್ಲಿ ಒಬ್ಬರ ಹೆಸರು ಹಿಡಿದು ಇನ್ನೊಮ್ಮೆ ಕೇಳಿಕೊಳ್ಳಿ, ಆಗ ಏನನ್ನಿಸಿತೆಂದು ನನಗೆ ಬರೆಯಿರಿ.