ಮೂಡಲ್ ಅಪ್‌ಗ್ರೇಡ್: ದಿನ ಗೊತ್ತುಮಾಡುವ ಮೊದಲು

ಮಂಗಳೂರು, ಉಡುಪಿಯ ಶಿಕ್ಷಣ ಸಂಸ್ಥೆಗಳಲ್ಲಿ ಆನ್‌ಲೈನ್ ಕಲಿಕಾ ವ್ಯವಸ್ಥೆಯಾದ ಮೂಡಲ್‌ನ ಅಪ್‌ಗ್ರೇಡ್ ಎಂದೊಡನೆ ಎಲ್ಲರೂ ರಜೆಯ ಪಟ್ಟಿ ನೋಡುತ್ತಾರೆ. ನಾನು ಮೊದಲು ಪರೀಕ್ಷಾ ವಿಭಾಗಕ್ಕೆ ಹೋಗಿ, ಆಂತರಿಕ ಮೌಲ್ಯಮಾಪನದ ಅಂಕಗಳು ಯಾವ ದಿನ ಅಂತಿಮವಾಗುತ್ತವೆ ಎಂದು ಕೇಳುತ್ತೇನೆ. ಏಕೆಂದರೆ ತರಗತಿಗಳು ಮುಗಿದ ಮೇಲೂ ಅಧ್ಯಾಪಕರು ಮನೆಯಲ್ಲಿ ಕುಳಿತು ಅಂಕ ತುಂಬುತ್ತಲೇ ಇರುತ್ತಾರೆ. ಮೇ ತಿಂಗಳಾದರೆ ಸಂಜೆಯ ಗುಡುಗು ಮಳೆಗೆ ಕರೆಂಟ್ ಹೋಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೂಡಲ್‌ನ ಹೊಸ ಆವೃತ್ತಿ ವರ್ಷಕ್ಕೆ ಎರಡು ಬಾರಿ ಬರುತ್ತದೆ. ಪ್ರತಿಯೊಂದನ್ನೂ ಹಾಕಿಕೊಳ್ಳುವ ಅಗತ್ಯವಿಲ್ಲ. 2022ರ ನವೆಂಬರ್‌ನ 4.1, 2024ರ ಅಕ್ಟೋಬರ್‌ನ 4.5ರಂತಹ ದೀರ್ಘಾವಧಿ ಬೆಂಬಲದ (ಹೆಚ್ಚು ಕಾಲ ಭದ್ರತಾ ತಿದ್ದುಪಡಿಗಳು ಸಿಗುವ) ಆವೃತ್ತಿಗಳು ವಿಶ್ವವಿದ್ಯಾಲಯಕ್ಕೆ ತಕ್ಕವು ಎಂಬುದು ನನ್ನ ಅಭಿಪ್ರಾಯ. ಆದರೆ ಹಳೆಯ 3.9ರಿಂದ ನೇರವಾಗಿ 4.5ಕ್ಕೆ ಹಾರಲಾಗದು. ಅದಕ್ಕೆ ಮೊದಲೇ ಕನಿಷ್ಠ 4.1.2 ಇರಬೇಕು, ಮೂಡಲ್ ಬರೆದಿರುವ ಪ್ರೋಗ್ರಾಮಿಂಗ್ ಭಾಷೆಯಾದ ಪಿಎಚ್‌ಪಿ 8.1 ಬೇಕು. ಹೀಗಾಗಿ 3.9 ಓಡುವ ಪಿಎಚ್‌ಪಿ 7.4ರಲ್ಲೇ 4.1ಕ್ಕೆ ಬಂದು, ಅಲ್ಲಿ ಪಿಎಚ್‌ಪಿಯನ್ನು 8.1ಕ್ಕೆ ಬದಲಿಸಿ, ಬಳಿಕ ಮುಂದಕ್ಕೆ ಹೋಗಬೇಕಾಗುತ್ತದೆ. ಹೊರಗಿನವರು ಬರೆದ, ಹೆಚ್ಚುವರಿ ಸೌಲಭ್ಯ ಕೊಡುವ ಪ್ಲಗಿನ್‌ಗಳು ಈ ಹಾದಿಯುದ್ದಕ್ಕೂ ಹೊಂದುತ್ತವೆಯೇ ಎಂದು ಒಂದೊಂದನ್ನೇ ನೋಡಬೇಕು; ಯಾರೂ ಬಳಸದವನ್ನು ತೆಗೆದುಹಾಕಲು ಇದೇ ಸರಿಯಾದ ಹೊತ್ತು.

ಒಮ್ಮೆ ಹೊಸ ಆವೃತ್ತಿಗೆ ಹೋದ ಮೂಡಲ್ ಹಿಂದಿನ ಆವೃತ್ತಿಗೆ ಮರಳುವುದಿಲ್ಲ. ಮರಳಲು ಬ್ಯಾಕಪ್ ಒಂದೇ ದಾರಿ, ಮತ್ತು ಬಹಳ ಮಂದಿ ಎಡವುವುದೂ ಇಲ್ಲೇ. ವಿದ್ಯಾರ್ಥಿನಿ ಏರಿಸಿದ ಅಸೈನ್‌ಮೆಂಟ್ ಸರ್ವರ್‌ನಲ್ಲಿ ಅವಳ ಹೆಸರಿನಲ್ಲಿ ಇರುವುದಿಲ್ಲ. ಮೂಡಲ್‌ಡೇಟಾ ಎಂಬ ಫೋಲ್ಡರ್‌ನೊಳಗೆ 40 ಅಕ್ಷರಗಳ ಸಂಕೇತವೇ ಅದರ ಹೆಸರಾಗಿರುತ್ತದೆ, ಅದು ಯಾರದು, ಯಾವ ವಿಷಯದ್ದು ಎಂಬುದನ್ನು ಡೇಟಾಬೇಸ್ ಮಾತ್ರ ಬಲ್ಲದು. ಆದ್ದರಿಂದ ಡೇಟಾಬೇಸಿನ ಪ್ರತಿಯನ್ನು ರಾತ್ರಿ, ಫೋಲ್ಡರ್‌ನ ಪ್ರತಿಯನ್ನು ಮರುದಿನ ತೆಗೆದರೆ ಎರಡೂ ಒಂದಕ್ಕೊಂದು ತಾಳೆಯಾಗದೇ ಹೋಗಬಹುದು. ವ್ಯವಸ್ಥೆಯನ್ನು ಬಳಕೆದಾರರು ಒಳಬರಲಾಗದ ನಿರ್ವಹಣಾ ಸ್ಥಿತಿಗೆ ತಂದು, ಹಿನ್ನೆಲೆಯ ಕೆಲಸಗಳನ್ನು ತಾನಾಗಿ ಓಡಿಸುವ ಕ್ರಾನ್ ನಿಲ್ಲಿಸಿ, ಕೋಡ್ ಸೇರಿದಂತೆ ಮೂರರ ಪ್ರತಿಯನ್ನೂ ಒಟ್ಟಿಗೆ ತೆಗೆಯಬೇಕು.

ಆ ಪ್ರತಿಯನ್ನು ಬೇರೊಂದು ಸರ್ವರ್‌ನಲ್ಲಿ ಎಬ್ಬಿಸಿ, ಅಪ್‌ಗ್ರೇಡನ್ನು ಪೂರ್ತಿಯಾಗಿ ಮಾಡಿ ನೋಡದೆ ನಾನು ಯಾರಿಗೂ ದಿನಾಂಕ ಕೊಡುವುದಿಲ್ಲ. ಹಿಂದೊಮ್ಮೆ ಇಂತಹ ಪ್ರಯೋಗದ ಸರ್ವರ್‌ನಲ್ಲಿ ಇಮೇಲ್ ತಡೆಯುವುದನ್ನು ನಾನೇ ಮರೆತಿದ್ದೆ. ಮುಗಿದುಹೋದ ಚರ್ಚೆಗಳ ಸಂದೇಶಗಳೆಲ್ಲ ಮಧ್ಯರಾತ್ರಿ ವಿದ್ಯಾರ್ಥಿಗಳಿಗೆ ಹೋದವು, ಬೆಳಿಗ್ಗೆ ಒಬ್ಬ ಹುಡುಗ, "ಸರ್, ನಾನು ಅಸೈನ್‌ಮೆಂಟ್ ಮತ್ತೆ ಕೊಡಬೇಕಾ?" ಎಂದು ಕೇಳಿದ. ಅಂದಿನಿಂದ, ಇಮೇಲ್ ನಿಲ್ಲಿಸುವ ಸಾಲನ್ನು ಕಾನ್ಫಿಗ್ ಫೈಲಿನಲ್ಲಿ ಬರೆಯದೆ ನಾನು ಪ್ರಯೋಗದ ಸರ್ವರನ್ನು ಚಾಲೂ ಮಾಡುವುದಿಲ್ಲ.

ಪ್ರಯೋಗಕ್ಕೆ ಹಿಡಿದ ಸಮಯವೇ ಮುಖ್ಯ ಕೆಲಸದ ವೇಳಾಪಟ್ಟಿಗೆ ಅಳತೆ. ಜೊತೆಗೆ ಕನ್ನಡ ವಿಭಾಗದ ಅಧ್ಯಾಪಕರೊಬ್ಬರನ್ನು ಕೂರಿಸಿ, ಒತ್ತಕ್ಷರಗಳಿರುವ ಪ್ರಶ್ನೆಗಳನ್ನು ಅವರ ಮೊಬೈಲಿನಲ್ಲೂ ಪಿಡಿಎಫ್ ಆಗಿಯೂ ತೆರೆಸಿ ನೋಡುತ್ತೇನೆ. ಶನಿವಾರ ರಾತ್ರಿ ಆರಂಭಿಸಿದ ಕೆಲಸ ಭಾನುವಾರ ಮಧ್ಯಾಹ್ನದೊಳಗೆ ಸರಿಹೋಗದಿದ್ದರೆ ಹಳೆಯ ಪ್ರತಿಗೆ ಮರಳುವುದೆಂದು ಮೊದಲೇ ಬರೆದು, ಕುಲಸಚಿವರ ಸಹಿ ಹಾಕಿಸಿಕೊಂಡಿರುತ್ತೇನೆ.