ಸೂರು ತಗ್ಗಿಸಿದ ಕಾನೂನು

ಹಳೆಯ ಕಟ್ಟಡದ ಅಳತೆಗೆ ಹೋದಾಗ ನಾನು ಮೊದಲು ಟೇಪ್ ಹಿಡಿಯುವುದು ನೆಲದಿಂದ ಸೂರಿನವರೆಗೆ. ಕಟ್ಟಿಸಿದವರಿಗೆ ಹಣವಿತ್ತೇ, ಜಾಗವಿತ್ತೇ, ಆಳುವವರ ಅಪ್ಪಣೆಯಿತ್ತೇ ಎಂಬುದು ಆ ಎತ್ತರದಲ್ಲೇ ಗೊತ್ತಾಗಿಬಿಡುತ್ತದೆ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ಕನಿಷ್ಠ 2.75 ಮೀಟರ್ ಎತ್ತರ ಕೇಳುತ್ತದೆ. ಇಟಲಿಯ ವೆನಿಸ್‌ನಲ್ಲಿ ಯಹೂದಿಗಳನ್ನು ಕೂಡಿಹಾಕಿದ್ದ ಕೇರಿಯಾದ ಗೆಟ್ಟೊದ ಹಳೆಯ ಮನೆಗಳಲ್ಲಿ ಎಷ್ಟೋ ಕಡೆ ಕೈ ಎತ್ತಿದರೆ ಸೂರು ತಾಗುತ್ತದೆ.

ಆ ತಗ್ಗು ಸೂರಿನ ಮೂಲ 1516ರ ಮಾರ್ಚ್ 29ರ ಆದೇಶದಲ್ಲಿದೆ. ಹಿಂದೆ ಲೋಹದ ಎರಕ ನಡೆಯುತ್ತಿದ್ದ ಪುಟ್ಟ ದ್ವೀಪವೊಂದರಲ್ಲೇ ನಗರದ ಯಹೂದಿಗಳೆಲ್ಲ ಇರಬೇಕೆಂದು ವೆನಿಸ್‌ನ ಆಡಳಿತ ಸಭೆಯಾದ ಸೆನೆಟ್ ವಿಧಿಸಿತು. ರಾತ್ರಿ ಬಾಗಿಲಿಗೆ ಬೀಗ. ಕಾವಲಿನವರು ಕ್ರೈಸ್ತರು, ಅವರ ಸಂಬಳ ಮಾತ್ರ ಒಳಗಿದ್ದವರ ತಲೆಯ ಮೇಲೆ. 1541ರಲ್ಲಿ ಪಕ್ಕದ ತುಂಡೊಂದು ಸೇರಿದರೂ ಜನ ಹಿಡಿಸಲಿಲ್ಲ. ಮನೆಯ ಮೇಲೆ ಮನೆ ಏರಿತು, ಇದ್ದ ಅಂತಸ್ತುಗಳನ್ನೂ ಅಡ್ಡಕ್ಕೆ ಸೀಳಿ ಎರಡು ಮಾಡಿದರು. ಇವನ್ನು ಆ ಕಾಲದ ಗಗನಚುಂಬಿಗಳೆಂದು ಹೊಗಳುವುದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಕೆಸರುನೆಲದ ಮೇಲೆ ಏಳು ಅಂತಸ್ತು ಏರಿಸಿದ ಮೇಸ್ತ್ರಿಗೆ ರಾತ್ರಿ ನಿದ್ದೆ ಬಂದಿರಲಿಕ್ಕಿಲ್ಲ.

ಗಿರವಿ ವ್ಯಾಪಾರ, ಹಳೆಬಟ್ಟೆಯ ಮಾರಾಟ, ವೈದ್ಯಕೀಯ: ಬದುಕಿಗೆ ಬಿಟ್ಟುಕೊಟ್ಟ ದಾರಿಗಳು ಹೀಗೆ ಬೆರಳೆಣಿಕೆಯವು. ಮನೆ ಕೊಳ್ಳುವಂತೆಯೇ ಇರಲಿಲ್ಲ. ಮೇಲಾಗಿ, ಯಹೂದಿಗಳು ಬಂದೊಡನೆ ಬಾಡಿಗೆಯನ್ನು ಮೂರನೇ ಒಂದರಷ್ಟು ಏರಿಸಿಕೊಳ್ಳಲು ಕ್ರೈಸ್ತ ಮಾಲೀಕರಿಗೆ ಸರ್ಕಾರವೇ ಅನುಮತಿ ಕೊಟ್ಟಿತ್ತು. ಇದಕ್ಕೆ ಸಮುದಾಯ ಕಂಡುಕೊಂಡ ಉಪಾಯ ಅವರ ಧರ್ಮಶಾಸ್ತ್ರದಲ್ಲಿದ್ದ 'ಹಜಾಕಾ'. ಒಬ್ಬ ಒಕ್ಕಲು ಕೂತ ಮನೆಗೆ ಇನ್ನೊಬ್ಬ ಯಹೂದಿ ಹೆಚ್ಚು ಬಾಡಿಗೆ ಕೊಟ್ಟು ಅವನನ್ನು ಎಬ್ಬಿಸುವಂತಿಲ್ಲ. ಪೈಪೋಟಿಗೆ ಬರುವವರೇ ಇಲ್ಲದ ಮೇಲೆ ಮಾಲೀಕನ ಆಟ ಎಲ್ಲಿ ನಡೆದೀತು? ಕ್ರಮೇಣ ಈ ಹಕ್ಕು ಮಕ್ಕಳಿಗೆ ಇಳಿಯಿತು, ಮಾರಾಟವಾಯಿತು, ಮಗಳ ವರದಕ್ಷಿಣೆಯಾಗಿಯೂ ಹೋಯಿತು. ತಲೆಮಾರುಗಳಿಗೂ ಸಾಗುವ ಕರಾವಳಿಯ ಶಾಶ್ವತ ಗೇಣಿಯಾದ ಮೂಲಗೇಣಿ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರಾರ್ಥನಾ ಮಂದಿರಕ್ಕೂ ಬೇರೆ ನಿವೇಶನವಿರಲಿಲ್ಲ. 1528ರಲ್ಲಿ ಜರ್ಮನ್ ಮೂಲದವರು ತಮ್ಮ ಸಿನಗಾಗ್ ಅನ್ನು ಮನೆಗಳ ನೆತ್ತಿಯ ಮೇಲೆ ಕಟ್ಟಿಕೊಂಡರು. ಚೌಕದಲ್ಲಿ ನಿಂತು ತಲೆ ಎತ್ತಿದರೆ ಸಾಲಾಗಿ ಐದು ದೊಡ್ಡ ಕಿಟಕಿಗಳು. ಒಳಗೆ ಮಂದಿರವಿದೆ ಎಂಬುದಕ್ಕೆ ಹೊರಗಿನವರಿಗೆ ಅಷ್ಟೇ ಗುರುತು.

1797ರಲ್ಲಿ ನೆಪೋಲಿಯನ್ನನ ಸೈನ್ಯ ಬಂದ ಮೇಲೆ ಬಾಗಿಲುಗಳನ್ನು ಕಿತ್ತರು. ಪ್ರವೇಶದ ಕಲ್ಲಿನಲ್ಲಿ ಕೀಲು ಕೂತಿದ್ದ ಗುಳಿಗಳು ಇಂದಿಗೂ ಕಾಣುತ್ತವೆ.